ಅರ್ಧ ಮೇಜಿನ ಹೂಂಕಾರಪ್ಪ

ಆಚೆ ಕೋಣೆಯ ದೊಡ್ಡಪ್ಪ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ಸುತ್ತಮುತ್ತ ಯಾರೂ ಇಲ್ಲವೆಂದುಕೊಂಡು, ಕಡ್ಡಿ ಹಿಡಿದು ಹಲ್ಲಿನ ಸಂದಿ ಕೆದಕತೊಡಗಿದ್ದೇ ಆ ದಿನದ ಎಲ್ಲ ಪೇಚಾಟಕ್ಕೂ ಮೂಲ. ಅವರ ನೇರ ಎದುರಿಗೆ, ಮೇಜಿನ ಈಚೆ ತುದಿಯಲ್ಲಿ, ಹೂಂಕಾರಪ್ಪ ಕೂತಿದ್ದ. ದೊಡ್ಡಪ್ಪ ಅವನ ಮುಖವನ್ನೇ ನೋಡುತ್ತ ನಿಧಾನವಾಗಿ, ನೆಮ್ಮದಿಯಿಂದ ಕೆದಕಿದರು. ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವವರ ಏಕಾಗ್ರತೆ ಅವರ ಮುಖದಲ್ಲಿತ್ತು.

ನೋಡುವವರಿಗೆ ಇಬ್ಬರ ನಡುವೆ ಮೂರು ಮಾರು ದೂರವೂ ಇರಲಿಲ್ಲ. ನಿಜದಲ್ಲಿ ಒಂದು ಸಮುದ್ರವೇ ಇತ್ತು. ಈ ಸಂಶೋಧನಾಲಯದ ದೊಡ್ಡ ಕೋಣೆಯಲ್ಲಿ ಒಂದು ಗೋಡೆಯನ್ನು ಕೆಡವಿ, ಅಲ್ಲಿ ನೆಲದಿಂದ ಸೂರಿನವರೆಗೆ ಗಾಜಿನ ಪರದೆ ನಿಲ್ಲಿಸಿದ್ದರು. ಸಮುದ್ರದಾಚೆಯ ಸಂಶೋಧನಾಲಯದಲ್ಲೂ ಹಾಗೆಯೇ. ಅರ್ಧ ಮೇಜು ಇಲ್ಲಿ, ಅರ್ಧ ಮೇಜು ಅಲ್ಲಿ. ಎರಡೂ ಗಾಜಿಗೆ ಒತ್ತಿಕೊಂಡು ನಿಂತು ಒಂದೇ ಉದ್ದನೆಯ ಮೇಜಿನಂತೆ ಕಾಣುತ್ತಿದ್ದವು. ಬೆಳಿಗ್ಗೆ ಗೋಡೆ ತಾನಾಗಿ ಹತ್ತಿಕೊಂಡರೆ ಎರಡು ಕೋಣೆ ಒಂದಾಗುತ್ತಿದ್ದವು. ಊಟದ ಹೊತ್ತಿಗೂ ಸಂಜೆಗೂ ಅದು ಆರಿದರೆ ಮತ್ತೆ ಎರಡಾಗುತ್ತಿದ್ದವು. ಎರಡೂ ಕಡೆಯವರದು ಬಸವನಹುಳುವಿನ ಸಂಶೋಧನೆ: ಅದರ ಲೋಳೆ ಹೇಗೆ ಅಂಟುತ್ತದೆ, ಬೇಕೆಂದಾಗ ಹೇಗೆ ಬಿಡುತ್ತದೆ ಎಂದು. ಮೊದಲು ದೂರದಿಂದ ಬರೆದುಕೊಂಡು ಜಗಳವಾಡುತ್ತಿದ್ದ ಎರಡು ತಂಡಗಳು, ಗೋಡೆ ಬಂದ ಮೇಲೆ ಒಬ್ಬರ ಕೆಮ್ಮು ಒಬ್ಬರಿಗೆ ಗುರುತಾಗುವಷ್ಟು ಹತ್ತಿರವಾಗಿದ್ದವು. ಈಗ ಎದುರೆದುರು ಕೂತು ಜಗಳವಾಡುತ್ತಿದ್ದವು.

ಹೂಂಕಾರಪ್ಪನ ಕೆಲಸ ಬಸವನಹುಳುಗಳನ್ನು ನೋಡುವುದು. ಕನ್ನಡಕ ಏರಿಸಿ, ಮೊಣಕೈ ಪಕ್ಕ ಹುಳುಗಳ ತಟ್ಟೆ ಇಟ್ಟುಕೊಂಡು, ಉಸಿರು ಕೂಡ ಅವಕ್ಕೆ ತಾಗದಂತೆ, ಗಂಟೆಗಟ್ಟಲೆ ಅಲುಗಾಡದೆ ಕೂರುವುದು. ಅವನು ಹುಟ್ಟಿದ್ದೇ ಆ ಕೆಲಸಕ್ಕೆ ಎನ್ನುವ ಹಾಗಿದ್ದ. ಮನೆಯಲ್ಲಿ ಅಕ್ಕ, "ನೀನು ಕೂತ್ರೆ ಕಲ್ಲು, ಎದ್ರೆ ಕಂಬ" ಎನ್ನುತ್ತಿದ್ದಳು. ಯಾರು ಏನು ಹೇಳಿದರೂ ಅವನ ಉತ್ತರ "ಹೂಂ." ಅದರಿಂದಲೇ ಆ ಹೆಸರು. ನಿಜವಾದ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು.

ಆದರೆ ಆ "ಹೂಂ" ಒಳಗೆ ಏನೇನಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ಮುಖ್ಯವಾಗಿ ಕೃತಜ್ಞತೆ ಇತ್ತು. ಗೋಡೆ ಬರುವ ಮೊದಲು ಅವನು ನೆಲಮಾಳಿಗೆಯ ಕೋಣೆಯಲ್ಲಿ ಹುಳುಗಳ ಜೊತೆ ಒಬ್ಬನೇ ಇದ್ದ. ಈಗ ಕಣ್ಣೆತ್ತಿದರೆ ಸಮುದ್ರದಾಚೆಯ ಕೆಟಲಿನ ಹಬೆ, ಅಲ್ಲಿನ ಕಿಟಕಿಯ ಬೆಳಕು, ಅಲ್ಲಿನ ನಗೆ. ಅದಕ್ಕಿಂತ ಹೆಚ್ಚಾಗಿ, ಆಚೆಯವರು ಪ್ರತಿ ಬೆಳಿಗ್ಗೆ ಒಳಗೆ ಬರುತ್ತಲೇ ಅವನ ಕಡೆ ತಿರುಗಿ ಲಘುವಾಗಿ ತಲೆ ಬಾಗಿಸುತ್ತಿದ್ದರು. ದೊಡ್ಡಪ್ಪನಂಥ ದೊಡ್ಡಪ್ಪನೂ ಬಾಗಿಸುತ್ತಿದ್ದರು. ಅವರು ಆಚೆ ತಂಡದ ಮುಖ್ಯಸ್ಥರು; ದೊಡ್ಡ ಮೈಕಟ್ಟಿನಿಂದಾಗಿ ಈಚೆಯವರು ಇಟ್ಟುಕೊಂಡ ಹೆಸರು ಅದು. ಇಷ್ಟು ದೊಡ್ಡ ವಿಜ್ಞಾನಿಗಳು ನನ್ನಂಥವನಿಗೆ ಇಷ್ಟು ಮರ್ಯಾದೆ ಕೊಡುತ್ತಾರಲ್ಲ ಎಂದು ಹೂಂಕಾರಪ್ಪ ಒಳಗೊಳಗೇ ಕರಗುತ್ತಿದ್ದ. "ಹೂಂ" ಎನ್ನುತ್ತಿದ್ದ.

ಇನ್ನೊಬ್ಬರಿದ್ದರು. ಮೇಜಿನ ಆಚೆ ತುದಿಯಲ್ಲಿ, ಅವನ ಕುರ್ಚಿಗೆ ಸರಿಯಾಗಿ ಎದುರು, ಹಸಿರು ಶಾಲು ಹೊದ್ದು ಬಣ್ಣದ ಕನ್ನಡಕ ಹಾಕಿಕೊಂಡು ಕೂರುವ ಹೆಂಗಸು. ಗೋಡೆ ಬಂದ ಕೆಲವು ವಾರಗಳ ನಂತರ ಅವರು ಆ ತಂಡಕ್ಕೆ ಸೇರಿದ್ದರು. ಗೋಡೆ ಹತ್ತುವಾಗಲೇ ಬಂದು ಕೂತಿರುತ್ತಿದ್ದರು, ಆರುವವರೆಗೂ ಏಳುತ್ತಿರಲಿಲ್ಲ. ಒಮ್ಮೆಯೂ ಮಾತಿನ ನಡುವೆ ಬಾಯಿ ಹಾಕಿದವರಲ್ಲ. ಜಗತ್ತಿನಲ್ಲಿ ತನ್ನಂಥ ಇನ್ನೊಂದು ಜೀವವಿದೆ ಎಂಬ ಸಮಾಧಾನ ಅವನಿಗೆ ಅವರಿಂದ ಸಿಕ್ಕಿತ್ತು. ದಿನವಿಡೀ ಇಬ್ಬರೂ ಎದುರೆದುರು ಸುಮ್ಮನೆ ಕೂರುತ್ತಿದ್ದರು. ಅವನ ಬದುಕಿನ ಅತ್ಯಂತ ಸುಖದ ಹೊತ್ತು ಅದು.

ದೊಡ್ಡಪ್ಪ ಕಡ್ಡಿ ಎಸೆದು, ಹೂಂಕಾರಪ್ಪನ ಮುಖವನ್ನೇ ಕನ್ನಡಿ ಮಾಡಿಕೊಂಡವರಂತೆ ತಲೆ ಬಾಚಿಕೊಂಡು, ಗಂಟಲು ಸರಿಮಾಡಿಕೊಂಡರು.

"ಮಾನ್ಯ ಸಮಿತಿಯವರೇ, ಆಚೆ ತಂಡದ ಬಗ್ಗೆ ಹೇಳಬೇಕು ಅಂದ್ರೆ..."

ಓಹೋ, ಮಧ್ಯಾಹ್ನದ ಭಾಷಣದ ಅಭ್ಯಾಸ! ಹೂಂಕಾರಪ್ಪ ಕಿವಿ ನಿಮಿರಿಸಿದ. ಅಂದು ಯೋಜನೆಯ ಸಮಿತಿ ಗೋಡೆಯ ಮುಂದೆ ಕೂರಲಿತ್ತು. ಮುಂದಿನ ಮೂರು ವರ್ಷ ಯಾರು ಇರಬೇಕು, ಯಾರು ಬೇಡ ಎಂದು ತೀರ್ಮಾನಿಸಲು ಆ ಸಮಿತಿಗೊಂದು ವಿಚಿತ್ರ ನಿಯಮವಿತ್ತು. ತಮ್ಮವರನ್ನು ತಾವೇ ಹೊಗಳುವಂತಿಲ್ಲ. ಈಚೆಯವರ ಬಗ್ಗೆ ಆಚೆಯವರು, ಆಚೆಯವರ ಬಗ್ಗೆ ಈಚೆಯವರು ಹೇಳಬೇಕು. ಹೇಳಿಕೊಡುವುದು, ನೆನಪಿಸುವುದು, ಕಣ್ಸನ್ನೆ ಮಾಡುವುದು, ಎಲ್ಲವೂ ನಿಷಿದ್ಧ. ಆಚೆಯವರ ಬಾಯಲ್ಲಿ ಯಾರ ಮಾತು ಬರಲಿಲ್ಲವೋ ಅವರು ಮನೆಗೆ.

ದೊಡ್ಡಪ್ಪ ಈಚೆ ತಂಡದ ಮುಖ್ಯಸ್ಥೆ ಮೇಡಂ ಅವರ ಮುಂದಾಳತ್ವವನ್ನು ಹೊಗಳಿದರು. ಗೋಡೆ ಇಂಜಿನಿಯರನ್ನು ಹೊಗಳಿದರು. ಅಂಕಿಅಂಶ ನೋಡುವ ಲೆಕ್ಕದಕ್ಕನನ್ನು ಹೊಗಳಿದರು. ಗಾಜು ಒರೆಸುವ ಅತ್ತೆಯನ್ನು ಹೊಗಳುತ್ತ, "ಅವರು ದಿನಾ ನಮ್ಮ ಮುಖ ಒರೆಸ್ತಾರೆ" ಎಂದು ತಾವೇ ನಕ್ಕರು. ಕಿಟಕಿಯಲ್ಲಿ ಮಲಗುವ ಬೆಕ್ಕನ್ನೂ ಬಿಡಲಿಲ್ಲ. "ಇಷ್ಟೇ ಪುಟ್ಟ ತಂಡ" ಎಂದು ಮುಗಿಸಿ, ಹೂಂಕಾರಪ್ಪನಿಗೆ ತಲೆ ಬಾಗಿಸಿ, ಚಹಾ ತರಲು ಹೋದರು.

ಹೂಂಕಾರಪ್ಪನ ಸುದ್ದಿಯೇ ಬರಲಿಲ್ಲ. ತಟ್ಟೆಯಲ್ಲಿದ್ದ ಹುಳುವೊಂದು ಕೊಂಬು ಒಳಗೆಳೆದುಕೊಂಡಿತು.

ಈಚೆಯವರೆಲ್ಲ ಬಂದ ಮೇಲೆ ಅವನು ಹತ್ತು ಸಲ ಬಾಯಿ ತೆರೆದು ಮುಚ್ಚಿ, ಹನ್ನೊಂದನೇ ಸಲಕ್ಕೆ ವಿಷಯ ಹೇಳಿದ. ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದಿದ್ದಕ್ಕೇ ಲೆಕ್ಕದಕ್ಕ ಕಕ್ಕಾಬಿಕ್ಕಿಯಾಗಿ ಕುರ್ಚಿಯಲ್ಲಿ ಕೂತುಬಿಟ್ಟಳು.

"ನಿಮ್ಮನ್ನೇ ಬಿಟ್ಟು ಬೆಕ್ಕಿನ ಬಗ್ಗೆ ಹೇಳಿದ್ರಾ?"

"ಹೂಂ."

ಇಂಜಿನಿಯರ್ ಒಂದು ಪುಟ್ಟ ಪರದೆ ತಂದ. ಈಚೆಯಿಂದ ಆಚೆಗೆ ಹೋಗುವ ಚಿತ್ರ ಅದರಲ್ಲಿ ಕಾಣುತ್ತಿತ್ತು. ಗುಂಡಿಗಳನ್ನು ಒತ್ತಿ, ತಲೆ ಕೆರೆದು, ಕೊನೆಗೆ ಹಣೆ ಚಚ್ಚಿಕೊಂಡ.

"ಅಲ್ಲ ಮಾರಾಯ್ರೇ, ಇಷ್ಟು ದೊಡ್ಡ ಚಿತ್ರ ಸಮುದ್ರ ದಾಟ್ಬೇಕಲ್ಲ? ಅದಕ್ಕೆ ಗೋಡೆ ಏನ್ಮಾಡತ್ತೆ, ಅಲುಗಾಡೋದನ್ನ ಮಾತ್ರ ಜೀವ ಅಂತ ಲೆಕ್ಕಕ್ಕೆ ತಗೊಂಡು ಕ್ಷಣಕ್ಷಣಕ್ಕೂ ಕಳಿಸತ್ತೆ. ಅಲುಗಾಡದೇ ಇರೋದನ್ನ, ಈ ಬೀರು, ಕುರ್ಚಿ, ಗಡಿಯಾರದ ಡಬ್ಬಿ, ಇದನ್ನೆಲ್ಲ ಬೆಳಿಗ್ಗೆ ಒಂದು ಸಲ ಚಿತ್ರ ತೆಗೆದು ಕಳಿಸಿ ಸುಮ್ನಾಗತ್ತೆ. ನೀವು ಬೀರು ಗುಂಪಲ್ಲಿದೀರಿ."

"ಒಂದು ವರ್ಷದಿಂದ?" ಎಂದರು ಮೇಡಂ.

"ಗೋಡೆ ಹತ್ತೋ ಮೊದ್ಲು ಬಂದು ಕೂರ್ತಾರೆ, ಆರಿದ ಮೇಲೆ ಏಳ್ತಾರೆ. ಇನ್ನು ಆ 'ಹೂಂ' ಇದೆಯಲ್ಲ, ಅದನ್ನ ಮೈಕು ಫ್ರಿಜ್ಜಿನ ಸದ್ದು ಅಂತ ಒರೆಸಿ ಹಾಕ್ತಿದೆ."

"ಸರಿಮಾಡಪ್ಪ ಹಾಗಿದ್ರೆ!"

"ಇವತ್ತು ಕೈ ಹಾಕಿದ್ರೆ ಸಮಿತಿ ಎದುರು ಗೋಡೆಯೇ ಬಿದ್ದೋದೀತು. ಗೋಡೆ ಮುಟ್ಟೋದು ಬೇಡ, ಇವರನ್ನೇ ಸರಿಮಾಡೋಣ."

ಮೇಡಂ ಕೈಚೆಲ್ಲಿದರು. "ನಾನು ಬಾಯಿ ಬಿಟ್ರೆ ಶಿಫಾರಸು ಅಂತಾರೆ. ನೀವೇ ಕಾಣಿಸ್ಕೋಬೇಕು. ಏನಾದ್ರೂ ಮಾಡಿ, ಆದ್ರೆ ಅಲುಗಾಡಿ!"

ಹೀಗೆ ಹೂಂಕಾರಪ್ಪನಿಗೆ ಅಲುಗಾಡುವ ಪಾಠ ಶುರುವಾಯಿತು. ಆಚೆಯವರೆಲ್ಲ ಸಮಿತಿಗೆ ತಯಾರಾಗಲು ಬೇರೆ ಕೋಣೆಗೆ ಹೋಗಿದ್ದರು. ಹಸಿರು ಶಾಲಿನವರು ಮಾತ್ರ ತಮ್ಮ ಜಾಗದಲ್ಲಿದ್ದರು. ಹೂಂಕಾರಪ್ಪ ನಾಚಿ ಪಿಸುಗುಟ್ಟಿದ.

"ಅವರು ನೋಡ್ತಿದಾರೆ..."

"ಯಾರು? ಓ, ಅವರಾ?" ಲೆಕ್ಕದಕ್ಕ ಅತ್ತ ಒಮ್ಮೆ ನೋಡಿ ಹೇಳಿದಳು. "ಅವರು ಯಾರಿಗೂ ಹೇಳಲ್ಲ ಬಿಡಿ. ಹೂಂ, ಅಲುಗಾಡಿ!"

ಅವನು ಕೂತಲ್ಲೇ ಎಡಕ್ಕೆ ಬಲಕ್ಕೆ ತೂಗಾಡಿದ. ಪುಟ್ಟ ಪರದೆಯಲ್ಲಿ ಅವನ ಚಿತ್ರ ಕಲ್ಲಿನಂತೆ ಕೂತೇ ಇತ್ತು.

"ಒಂದೇ ಸಮನೆ ತೂಗಿದ್ರೆ ಫ್ಯಾನ್ ಅನ್ಕೊಳತ್ತೆ," ಎಂದ ಇಂಜಿನಿಯರ್. "ಲಯ ತಪ್ಪಬೇಕು."

"ನಮ್ಮ ಯಜಮಾನರನ್ನ ನೆನೆಸ್ಕೊಳ್ಳಿ," ಎಂದಳು ಗಾಜಿನತ್ತೆ, ಒರೆಸುವ ಬಟ್ಟೆ ಹೆಗಲಿಗೆಸೆದುಕೊಂಡು. "ಬೆನ್ನಿಗೆ ಇರುವೆ ಹೊಕ್ಕಾಗ ಅವರು ಕುಣಿದಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗೆ! ಭುಜ ಮೇಲೆ! ಅಯ್ಯೋ, ಎರಡೂ ಅಲ್ಲಪ್ಪ, ಒಂದು!"

"ಮಾತಾಡಿ, ಮಾತಾಡಿ! 'ಹೂಂ' ಬಿಟ್ಟು ಏನಾದ್ರೂ!" ಎಂದಳು ಲೆಕ್ಕದಕ್ಕ.

"ಏನು ಮಾತಾಡ್ಲಿ?"

"ಏನಾದ್ರೂ!"

ಅವನು ಕೈಯೆತ್ತಿ, ಒಂದು ಭುಜ ಕುಣಿಸಿ, "ಏನಾದ್ರೂ, ಏನಾದ್ರೂ" ಎಂದ. ಮೇಡಂ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದರು. ಇಂಜಿನಿಯರ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡ. ಬೆಕ್ಕು ಕೂಡ ಎದ್ದು ನಡೆಯಿತು. ಹಸಿರು ಶಾಲಿನವರು ಒಬ್ಬರೇ ನಗಲಿಲ್ಲ. ಅವರ ಆ ಗಾಂಭೀರ್ಯವನ್ನು ನೋಡಿ ಹೂಂಕಾರಪ್ಪನ ಕಣ್ಣು ಒದ್ದೆಯಾಯಿತು. ಕೆಲಸ ಹೋದರೆ ಹೋಗಲಿ, ಬೇರೆ ಕಡೆ ಹುಳು ಸಿಕ್ಕೀತು. ಆದರೆ ಈ ಕುರ್ಚಿಯಿಂದ ಕಾಣುವ ಆ ಕುರ್ಚಿ ಬೇರೆಲ್ಲಿ ಸಿಕ್ಕೀತು? ಇವತ್ತು ಅಲುಗಾಡಲೇಬೇಕು ಎಂದು ಅವನು ಹಲ್ಲು ಕಚ್ಚಿದ.

ಆ ನಿಶ್ಚಯದ ರಭಸದಲ್ಲಿ ಕೈ ಬೀಸಿದ್ದು ನೇರವಾಗಿ ಹುಳುಗಳ ತಟ್ಟೆಗೆ ಬಡಿಯಿತು.

ಬಸವನಹುಳುಗಳು ಮೇಜಿನ ತುಂಬ ಚೆಲ್ಲಿದವು. ಅವು ತಪ್ಪಿಸಿಕೊಂಡು ಓಡುತ್ತಿದ್ದವು ಎನ್ನಬೇಕು, ಆದರೆ ಓಡುತ್ತಿದ್ದವರು ಮನುಷ್ಯರು ಮಾತ್ರ. ಲೆಕ್ಕದಕ್ಕ ಹುಳು ಎಣಿಸುತ್ತ ಓಡಿದಳು, ಗಾಜಿನತ್ತೆ ಪೊರಕೆ ಹಿಡಿದು ಓಡಿದಳು, ಸದ್ದು ಕೇಳಿ ಒಳಬಂದ ಮೇಡಂ "ಪೊರಕೆ ಬೇಡ, ಪೊರಕೆ ಬೇಡ" ಎಂದು ಅವಳ ಹಿಂದೆ ಓಡಿದರು. ಹುಳುಗಳು ಮಾತ್ರ ಸಂಜೆ ವಾಯುವಿಹಾರಕ್ಕೆ ಹೊರಟ ನಿವೃತ್ತರಂತೆ ಅತ್ತಿತ್ತ ನೋಡುತ್ತ ಹರಡಿಕೊಂಡವು. ಊಟದ ಹೊತ್ತು ಮೀರಿತು, ಯಾರೂ ಉಣ್ಣಲಿಲ್ಲ. ಎಲ್ಲ ಸಿಕ್ಕವು ಎಂದು ಲೆಕ್ಕದಕ್ಕ ಹೇಳುವಷ್ಟರಲ್ಲಿ ಆರಿದ್ದ ಗೋಡೆ ಮತ್ತೆ ಹತ್ತಿಕೊಂಡಿತು. ಆಚೆ ದೊಡ್ಡಪ್ಪನ ತಂಡ, ಅವರ ಪಕ್ಕ ಸಾಲಾಗಿ ಸಮಿತಿಯವರು, ಅವರ ನಡುವೆ ಬೆಳ್ಳಿಗೂದಲಿನ ಅಧ್ಯಕ್ಷೆ.

ಎಲ್ಲ ಸಿಕ್ಕಿರಲಿಲ್ಲ. ಒಂದು ಹುಳು ಗಾಜು ಹತ್ತಿ, ಕ್ಯಾಮೆರಾದ ಕಣ್ಣಿನ ಮೇಲೆ ಕೂತಿತ್ತು.

ಈಚೆಯವರಿಗೆ ಅದು ತಿಳಿದದ್ದು ಆಚೆಯವರ ಚೀತ್ಕಾರದಿಂದ. ಸಮಿತಿಯ ಒಬ್ಬರು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಆನೆ ಗಾತ್ರದ ಹೊಟ್ಟೆಯೊಂದು ಲೋಳೆ ಸುರಿಸುತ್ತ ತಮ್ಮ ಗೋಡೆಯನ್ನಿಡೀ ಆವರಿಸುವುದನ್ನು ಅವರು ಬದುಕಿನಲ್ಲಿ ಮೊದಲ ಸಲ ನೋಡುತ್ತಿದ್ದರು.

"ಕ್ಯಾಮೆರಾ! ಕ್ಯಾಮೆರಾ!" ಎಂದು ಇಂಜಿನಿಯರ್ ಕೂಗಿದ.

ಎಲ್ಲರಿಗಿಂತ ಹತ್ತಿರವಿದ್ದವನು ಹೂಂಕಾರಪ್ಪ. ಅವನು ಎದ್ದ. ಜಿಗಿದ. ಅವನು ಜಿಗಿದದ್ದನ್ನು ಅದುವರೆಗೆ ನೋಡಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲೆ ಮೊಣಕಾಲೂರಿ, ಎರಡು ಬೆರಳಿನಲ್ಲಿ ಹುಳುವನ್ನು ಮೆಲ್ಲಗೆ, ಮಗುವಿನ ಕೆನ್ನೆಯಿಂದ ಅನ್ನದ ಅಗುಳು ತೆಗೆದ ಹಾಗೆ ಬಿಡಿಸಿಕೊಂಡ. ಹೊಟ್ಟೆ ಸರಿದ ಜಾಗದಲ್ಲಿ ಆಚೆ ಗೋಡೆಯ ತುಂಬ ಅವನ ಮುಖ ಬಂತು. ಕಣ್ಣು ಪಿಳಿಪಿಳಿ ಮಾಡಿತು.

"ಅಯ್ಯೋ, ಬೊಂಬೆ ಎದ್ದು ಬಂತು!" ಎಂದು ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಹಾರಿದರು.

ಎರಡು ಕೋಣೆಗಳಲ್ಲೂ ಸದ್ದು ಅಡಗಿತು. ಹೂಂಕಾರಪ್ಪನಿಗೆ ಪರಿಚಯವಿದ್ದ ಮೌನ ಅದಲ್ಲ; ತುಂಬ ಜನ ಒಟ್ಟಿಗೆ ಏನೋ ಲೆಕ್ಕ ಹಾಕುವ ಮೌನ.

"ಬೊಂಬೆ?" ಎಂದರು ಮೇಡಂ.

"ಅಲ್ಲ, ನಾವು..." ದೊಡ್ಡಪ್ಪ ಬೆವರು ಒರೆಸಿಕೊಂಡರು. "ನಿಮ್ಮ ಸಂಸ್ಥೆ ಕಟ್ಟಿದವರ ಬೊಂಬೆ ಅನ್ಕೊಂಡಿದ್ವಿ. ಮೇಜಿನ ತುದೀಲಿ ಗೌರವಕ್ಕೆ ಕೂರಿಸಿದೀರಿ ಅಂತ. ದಿನಾ ಅಂಗಿ ಬೇರೆ ಬದಲಾಯಿಸ್ತಿದ್ರಿ! ಎಂಥಾ ಶ್ರದ್ಧೆ ಅನ್ನಿಸ್ತಿತ್ತು. ನಾವೂ ಬಂದ ತಕ್ಷಣ ತಲೆ ಬಾಗಿಸ್ತಿದ್ವಿ. ಕೇಳೋದು ಮರ್ಯಾದೆ ಅಲ್ಲ ಅಂತ ಕೇಳಲಿಲ್ಲ."

ಹೂಂಕಾರಪ್ಪನ ಕೈಯಲ್ಲಿದ್ದ ಹುಳು ಅವನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ವರ್ಷವಿಡೀ ಅವನು ಮನಸ್ಸಿನಲ್ಲಿ ಜೋಪಾನ ಮಾಡಿದ ಅಷ್ಟೂ ನಮನಗಳು ಬೊಂಬೆಗೆ ಸಂದಿದ್ದವು.

ಆಗ ದೊಡ್ಡಪ್ಪನ ಮುಖದಲ್ಲಿ ಇನ್ನೇನೋ ಹೊಳೆದು, ಬಣ್ಣ ಇಳಿಯಿತು.

"ಅಂದ್ರೆ... ಇಷ್ಟು ದಿನ ನಾವು ನಿಮ್ಮೆದುರು ಆಡಿದ್ದು... ಎಲ್ಲಾ ಕೇಳಿಸ್ಕೊಂಡಿದೀರಾ?"

"ಹೂಂ."

ಈ ಸಲ ಬಾಯಿ ಮೈಕಿನ ಹತ್ತಿರವಿತ್ತು. ಅವನ "ಹೂಂ" ಮೊದಲ ಸಲ ಸಮುದ್ರ ದಾಟಿತು. ಆಚೆ ತಂಡದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಒಬ್ಬಾತ ತನ್ನ ಮುರಿದುಬಿದ್ದ ಮದುವೆಯ ಮಾತುಕತೆಯನ್ನು ಆ ಬೊಂಬೆಗೆ ಸಂಜೆಸಂಜೆ ಹೇಳಿಕೊಂಡಿದ್ದ. ಇನ್ನೊಬ್ಬಾಕೆ ಅದರ ಮುಂದೆ ಕೂತು ಅತ್ತಿದ್ದಳು. ದೊಡ್ಡಪ್ಪ ಮೇಡಂ ಅವರನ್ನು ಬೈದಿದ್ದರು, ಬೈದದ್ದಕ್ಕೆ ಆಮೇಲೆ ಬೊಂಬೆಯ ಹತ್ತಿರವೇ ಕ್ಷಮೆ ಕೇಳಿದ್ದರು. ಹಲ್ಲಿನ ಕಡ್ಡಿ ಇದೆಲ್ಲದರ ಮುಂದೆ ಏನೂ ಅಲ್ಲ.

"ಯಾರಿಗಾದ್ರೂ ಹೇಳಿದೀರಾ?" ಎಂದರು ಆ ಅತ್ತಿದ್ದ ಹುಡುಗಿಯ ಪಕ್ಕದವರು.

ಹೂಂಕಾರಪ್ಪ ಇಲ್ಲವೆಂದು ತಲೆಯಾಡಿಸಿದ. ಈಚೆಯವರೆಲ್ಲ ಒಟ್ಟಿಗೆ, "ಇವರಾ? ಇವರು ಇವತ್ತು ಬೆಳಿಗ್ಗೆ ಮಾತಾಡಿದ್ದೇ ನಮಗೆ ಸುದ್ದಿ!" ಎಂದರು.

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಹಾಗಿದ್ರೆ ನಿಯಮದ ಪ್ರಕಾರ ಕೇಳ್ತೀನಿ. ಇವರಿಂದ ನಿಮ್ಮ ತಂಡಕ್ಕೆ ಏನಾಗಿದೆ?"

ದೊಡ್ಡಪ್ಪ ಎರಡು ಹೆಜ್ಜೆ ಮುಂದೆ ಬಂದರು. ಬೆಳಿಗ್ಗೆ ಬಾಚಿದ ತಲೆ ಕೆದರಿತ್ತು, ಭಾಷಣ ಮರೆತುಹೋಗಿತ್ತು. "ನಮ್ಮ ತಂಡ ಎರಡು ಸಲ ಒಡೆಯೋದ್ರಲ್ಲಿತ್ತು, ಅಮ್ಮ," ಎಂದರು. "ಎಲ್ಲಾ ಎದ್ದು ಹೋಗೋಣ ಅನ್ನೋ ಹೊತ್ತಲ್ಲಿ, ಆ ತುದೀಲಿ ಒಬ್ಬರು ಶಾಂತವಾಗಿ ಕೂತಿರೋರು. ನಾವೂ ಕೂರ್ತಿದ್ವಿ. ಬೊಂಬೆ ಅಂತ ಗೊತ್ತಿದ್ರೂ ಕೂರ್ತಿದ್ವಿ. ಈಗ ಬೊಂಬೆ ಅಲ್ಲ ಅಂತಿದೀರಿ. ನಾನೇನು ಹೇಳ್ಲಿ? ಇವರಿಗೆ ನಾವು ತುಂಬಾ ಋಣಿ."

ಆಚೆಯವರೆಲ್ಲ ತಲೆ ಬಾಗಿಸಿದರು. ಈ ಸಲ ಮನುಷ್ಯನಿಗೆ. ಹೂಂಕಾರಪ್ಪನೂ ಮೊದಲ ಸಲ ತಿರುಗಿ ತಲೆ ಬಾಗಿಸಿದ. ಗಾಜಿನತ್ತೆ ಗಾಜು ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ಅಧ್ಯಕ್ಷೆ ತೀರ್ಪು ಕೊಟ್ಟರು. "ಇವರು ಇರಲಿ. ಅದೇ ಹುದ್ದೆ, ಅದೇ ಸಂಬಳ, ಅದೇ ಕುರ್ಚಿ. ಒಂದೇ ಷರತ್ತು. ಇಷ್ಟು ದಿನ ಹೇಗಿದ್ರೋ ಹಾಗೇ ಇರಬೇಕು. ಇವತ್ತು ಅಲುಗಾಡಿದ್ದೇ ಕೊನೆ. ನಮ್ಮವರೊಬ್ಬರು ಇನ್ನೂ ಕುರ್ಚಿಯಿಂದ ಇಳಿದಿಲ್ಲ, ನೋಡಿ."

ಸಮಿತಿಯವರು ಎದ್ದು ಹೋದರು. ಇಂಜಿನಿಯರ್ ಹೂಂಕಾರಪ್ಪನ ಬೆನ್ನು ತಟ್ಟಿದ. ಲೆಕ್ಕದಕ್ಕ, "ನೋಡಿದ್ರಾ, ಭುಜ ಕುಣಿಸಿದ್ದು ಕೆಲಸಕ್ಕೆ ಬಂತು" ಎಂದಳು. ಹೂಂಕಾರಪ್ಪನಿಗೆ ಅದೆಲ್ಲ ದೂರದಲ್ಲೆಲ್ಲೋ ಕೇಳಿಸಿತು. ಮೈಯಲ್ಲಿ ಇನ್ನೂ ಆ ಜಿಗಿತದ ಬಿಸಿಯಿತ್ತು. ಈ ಬಿಸಿ ಆರುವ ಮೊದಲೇ ಹೇಳಿಬಿಡಬೇಕು. ನಾಳೆಯಿಂದ ಮತ್ತೆ ಷರತ್ತು. ಅವನು ಗಾಜಿನ ಹತ್ತಿರ ಹೋಗಿ ಹಸಿರು ಶಾಲಿನವರ ಎದುರು ನಿಂತ.

"ನಿಮಗೂ ಹೇಳಬೇಕು," ಎಂದ. "ಎಲ್ಲರಿಗಿಂತ ನಿಮಗೇ ಹೇಳಬೇಕು. ನೀವು ಎದುರಿಗೆ ಇದ್ರಿ ಅಂತ ನಾನು ಇಲ್ಲಿ ಕೂರ್ತಿದ್ದೆ. ಬೆಳಿಗ್ಗೆ ಎಲ್ಲರೂ ನಕ್ಕಾಗ ನೀವು ನಗಲಿಲ್ಲ. ತುಂಬಾ ಉಪಕಾರ ಆಯ್ತು."

ಅವರು ಏನೂ ಹೇಳಲಿಲ್ಲ. ಅದು ಅವನಿಗೆ ಸಹಜವಾಗಿಯೇ ತೋರಿತು. ಆದರೆ ಉಳಿದವರೂ ಏನೂ ಹೇಳಲಿಲ್ಲ.

"ಯಾರಿಗೆ ಹೇಳ್ತಿದೀರಿ?" ಎಂದರು ದೊಡ್ಡಪ್ಪ ಕೊನೆಗೆ, ಆಸ್ಪತ್ರೆಯಲ್ಲಿ ಮಾತಾಡುವ ಧ್ವನಿಯಲ್ಲಿ.

"ಅವರಿಗೆ."

"ಅದು..." ದೊಡ್ಡಪ್ಪ ಸಹಾಯಕ್ಕಾಗಿ ಸುತ್ತ ನೋಡಿದರು. ಯಾರೂ ಸಿಗಲಿಲ್ಲ. "ಅದು ಬಟ್ಟೆ ಅಂಗಡೀದು. ನಿಮ್ಮ ಕಡೆ ಒಂದು ಬೊಂಬೆ ಕೂರಿಸಿದೀರಲ್ಲ, ನಮ್ಮ ಕಡೆ ಖಾಲಿ ಬಿಟ್ರೆ ಅಗೌರವ ಆಗತ್ತೆ ಅಂತ ನಾವೂ ಒಂದು ತಂದು ಕೂರಿಸಿದ್ವಿ. ನೀವು ದಿನಾ ಅಂಗಿ ಬದಲಾಯಿಸ್ತೀರಿ ಅಂತ ನಾವೂ ಉಡುಪು ಬದಲಾಯಿಸ್ತಿದ್ವಿ. ಶಾಲು ಮಾತ್ರ ಒಂದೇ ಇತ್ತು."

ಹೂಂಕಾರಪ್ಪ ನಿಧಾನವಾಗಿ ತನ್ನವರ ಕಡೆ ತಿರುಗಿದ.

"ನಮಗೆ ಗೊತ್ತಿತ್ತು," ಎಂದರು ಮೇಡಂ, ನೆಲ ನೋಡುತ್ತ. "ಅವರ ಕಡೆ ಪದ್ಧತಿ ಇರಬೇಕು ಅನ್ಕೊಂಡ್ವಿ. ಕೇಳೋದು ಮರ್ಯಾದೆ ಅಲ್ಲ ಅಂತ..."

"ಇನ್ನು ಬೇಕಿಲ್ಲ ಬಿಡಿ!" ಎಂದರು ದೊಡ್ಡಪ್ಪ, ಹೇಗಾದರೂ ಸರಿಮಾಡುವ ಆತುರದಲ್ಲಿ. ಆಚೆಯ ಇಬ್ಬರು ಹೋಗಿ ಆಕೆಯ ಕಂಕುಳಿಗೆ ಕೈ ಹಾಕಿ ಎತ್ತಿದರು. ಶಾಲು ಜಾರಿತು. ನುಣುಪಾದ ಮರದ ಭುಜ ಕಂಡಿತು.

"ಬೇಡ!" ಹೂಂಕಾರಪ್ಪ ಎರಡೂ ಕೈ ಮೇಲೆತ್ತಿ ಕೂಗಿದ. ಲಯ ಪೂರ್ತಿ ತಪ್ಪಿತ್ತು. ಗೋಡೆ ಒಂದು ಚೂರೂ ಬಿಡದೆ ಆಚೆಗೆ ಕಳಿಸಿತು. "ಇರಲಿ. ಅಲ್ಲೇ ಇರಲಿ."

ಅವರು ಆಕೆಯನ್ನು ಮತ್ತೆ ಕೂರಿಸಿದರು. ಒಬ್ಬಾತ ಶಾಲನ್ನು ಜಾಗ್ರತೆಯಿಂದ ಹೊದಿಸಿ, ಅಂಚು ಸರಿಮಾಡಿದ.

ಮಾರನೇ ಬೆಳಿಗ್ಗೆ ಗೋಡೆ ಹತ್ತುವ ಮೊದಲೇ ಹೂಂಕಾರಪ್ಪ ತನ್ನ ಜಾಗದಲ್ಲಿದ್ದ. ದೊಡ್ಡಪ್ಪ ಬಂದು, ಜೇಬಿನಿಂದ ಕಡ್ಡಿ ತೆಗೆದು, ಏನೋ ನೆನಪಾಗಿ ಅವನನ್ನು ನೋಡಿ, ಕಡ್ಡಿಯನ್ನು ಜೇಬಿಗಿಳಿಸಿ ತಲೆ ಬಾಗಿಸಿದರು. ಅವನು "ಹೂಂ" ಎಂದ. ಫ್ರಿಜ್ಜಿನ ಸದ್ದೆಂದು ಮೈಕು ಅದನ್ನು ಒರೆಸಿ ಹಾಕಿತು.

ಆಚೆ ತುದಿಯಲ್ಲಿ ಆಕೆ ಕೂತಿದ್ದಳು. ಹೊಸ ಉಡುಪು ತೊಡಿಸಿದ್ದರು. ಕನ್ನಡಕ ಮಾತ್ರ ನಿನ್ನೆಯ ಎಳೆದಾಟದಲ್ಲಿ ಒಂದಿಷ್ಟು ಓರೆಯಾಗಿದ್ದು ಹಾಗೇ ಉಳಿದಿತ್ತು. ಗುರುತು ಪರಿಚಯವಿಲ್ಲದ ಯಾರೋ, ಸಮುದ್ರದಾಚೆ, ಬರಿಯ ಮರ್ಯಾದೆಗೆಂದು ಇಷ್ಟು ದಿನ ಬೆಳಿಗ್ಗೆ ಬೇಗ ಬಂದು ಅವಳನ್ನು ಸಿಂಗರಿಸಿ ಅವನ ಕಡೆ ಮುಖ ಮಾಡಿ ಕೂರಿಸಿದ್ದರು. ಅದಕ್ಕೂ ಋಣಿಯಾಗಿರದೆ ಇರುವುದು ಹೇಗೆಂದು ಹೂಂಕಾರಪ್ಪನಿಗೆ ತಿಳಿಯಲಿಲ್ಲ. ಅವನು ಹುಳುಗಳ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ತನ್ನ ಕನ್ನಡಕವನ್ನೂ ಚೂರು ಓರೆ ಮಾಡಿಕೊಂಡು, ಸುಮ್ಮನೆ ಕೂತ.

ಗೋಡೆ ಇಬ್ಬರನ್ನೂ ಒಂದು ಸಲ ನೋಡಿ, ಬೀರು ಕುರ್ಚಿಗಳ ಜೊತೆ ಸೇರಿಸಿಕೊಂಡು, ಅಲುಗಾಡುವವರ ಕಡೆ ತಿರುಗಿತು.